ಒಂಬತ್ತನೇ ಬಾಗಿಲಿನ ಟಿಕ್

೧

ಎಲ್ಲಿಂದ ಶುರುಮಾಡಲಿ? ಸೀಕಾಕಸ್ಸಿನ ಹಿಮದಿಂದ ಎಂದುಕೊಂಡಿದ್ದೆ. ‘ಮೆಲ್ಲಗೆ ಉದುರುತ್ತಿದ್ದ ಹಿಮದಲ್ಲಿ ಸ್ಮಿತಾಳ ಕಾರು…’ ಥೂ! ಒಬ್ಬ ಹೆಂಗಸಿನ ಕಾಲು ಮುರಿದಿರುವಾಗ ನನಗೆ ಹಿಮದ ವರ್ಣನೆ ಬೇಕಿತ್ತೇ? ಹರಿದುಹಾಕಿದೆ. (ಡಿಲೀಟ್ ಒತ್ತಿದೆ. ಹರಿಯುವ ಸುಖವೂ ಈ ಲ್ಯಾಪ್‌ಟಾಪಿನಲ್ಲಿ ಇಲ್ಲ.)

ನೇರವಾಗಿ ಹೇಳುತ್ತೇನೆ. ಸ್ಮಿತಾ ಆಡಿಟರ್. ಸೀಕಾಕಸ್ ಎಂಬ ಆ ಊರಿನ ವೇರ್‌ಹೌಸಿನಿಂದ ಹೊರಹೋಗುವ ಸರಕು ಯಾರಿಗೂ ಪೆಟ್ಟಾಗದಂತೆ ಟ್ರಕ್ಕು ಸೇರುತ್ತಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ, ಹೆಡ್ ಆಫೀಸಿಗೆ ವರದಿ ಕೊಡುವುದು ಅವಳ ಕೆಲಸ. ಕಳೆದ ಗುರುವಾರ ಒಂಬತ್ತನೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಟ್ರಕ್ಕು ಇದ್ದಕ್ಕಿದ್ದಂತೆ ಮುಂದಕ್ಕೆ ಜರುಗಿತು. ಟ್ರಕ್ಕಿನೊಳಗೆ ಪೆಟ್ಟಿಗೆ ಸ್ಕ್ಯಾನ್ ಮಾಡಿ ಹೊರಬರುತ್ತಿದ್ದ ಕೆಲಸಗಾರ್ತಿ ಸುಧಾಮಣಿ, ಟ್ರಕ್ಕಿಗೂ ಬಾಗಿಲಿಗೂ ನಡುವಿನ ಸಂದಿಗೆ ಬಿದ್ದರು. ಮೈಸೂರಿನವರು, ಐವತ್ತೇಳು ವರ್ಷ. ಬಲಗಾಲು ಎರಡು ಕಡೆ ಮುರಿದಿದೆ.

ಟ್ರಕ್ಕು ಜರುಗದಂತೆ ಗಾಲಿಗೆ ರಬ್ಬರಿನ ಅಡ್ಡ ಇಡಬೇಕು. ಇಟ್ಟಿದ್ದರೇ? ‘ಇಟ್ಟಿದ್ದೆವು. ಲೋಡಿಂಗ್ ಮುಗಿದು ಅದನ್ನು ತೆಗೆದ ಮೇಲೆ, ಒಳಹೋಗಬೇಡಿ ಎನ್ನುವ ಕೆಂಪು ದೀಪ ಲೆಕ್ಕಿಸದೆ ಆಕೆಯೇ ಟ್ರಕ್ಕಿನ ಒಳಹೊಕ್ಕರು’ ಎಂದು ಮ್ಯಾನೇಜರ್ ಅಮರೇಶ್ವರ ಬರೆದುಕೊಟ್ಟಿದ್ದಾರೆ. ಸ್ಮಿತಾ ಅದಕ್ಕೆ ಸಹಿ ಹಾಕಿದರೆ ಸುಧಾಮಣಿಯ ಕೆಲಸ ಹೋಗುತ್ತದೆ, ಅದೂ ತಪ್ಪು ಅವರದೇ ಎಂಬ ಹೆಸರು ಹೊತ್ತುಕೊಂಡು.

೨ (ಮೂರನೆಯ ಕರಡು)

ಸಹಿ ಹಾಕದಿದ್ದರೆ? ಅಲ್ಲೇ ಇರುವುದು ತೊಡಕು. ಹಿಂದಿನ ಸಲ ಬಂದಾಗ ‘ಎಲ್ಲ ಬಾಗಿಲಲ್ಲೂ ಅಡ್ಡ ಇದೆ’ ಎಂದು ಟಿಕ್ ಹಾಕಿದವಳು ಇವಳೇ. ಬಾಗಿಲ ಹತ್ತಿರ ಹೋಗಿರಲೇ ಇಲ್ಲ. ಕಾನ್ಫರೆನ್ಸ್ ರೂಮಿನಲ್ಲಿ ಕೂತು ಊಟ ಮಾಡುತ್ತಿದ್ದಳು.

“ಹೊರಗ ಭಾಳ ಥಂಡಿ ಐತಿ, ನೀ ಇಲ್ಲೇ ಕೂಡವಾ,” ಎಂದಿದ್ದರು ರಾಯಚೂರಿನ ಅಮರೇಶ್ವರ, ಮನೆಯಿಂದ ತಂದ ಡಬ್ಬಿ ಬಿಚ್ಚುತ್ತ. “ನಾ ಹೇಳ್ಕೋತ ಹೋಗ್ತೀನಿ, ನೀ ಟಿಕ್ ಹಾಕ್ಕೋತ ಹೋಗು.”

ಕನ್ನಡ ಕೂಟದ ಯುಗಾದಿಯಲ್ಲಿ ಮುಂದೆ ನಿಂತು ಹೋಳಿಗೆ ಬಡಿಸುವ ಅಂಕಲ್. ‘ಒಮ್ಮೆ ನೋಡಿಕೊಂಡು ಬರುತ್ತೇನೆ’ ಎಂದರೆ ಅವರನ್ನು ನಂಬಲಿಲ್ಲ ಎಂದಾಗುತ್ತದಲ್ಲ! ಎಂಥ ಸಂಕೋಚ, ಎಂಥ ಹಾಳು ಮರ್ಯಾದೆ ನಮ್ಮದು! ಹನ್ನೆರಡು ಬಾಗಿಲು, ಹನ್ನೆರಡು ಟಿಕ್, ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ.

ಈಗ ಸತ್ಯ ಬರೆದರೆ ಆ ಸುಳ್ಳು ಹೊರಬೀಳುತ್ತದೆ. ಅವಳದು ಎಚ್‌ಒನ್ ವೀಸಾ. ಕೆಲಸ ಹೋದರೆ ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕು.

(ಅಮರೇಶ್ವರ ನಡುವೆ ಬಾಯಿ ಹಾಕುತ್ತಾರೆ: “ನನ್ನ ಯಾಕ್ರೀ ವಿಲನ್ ಮಾಡ್ತೀರಿ? ಅಡ್ಡ ಹೊಂದಿಸ್ಕೋತ ಕೂತ್ರ ಟ್ರಕ್ ಲೇಟ್ ಆಗ್ತಾವು. ಲೇಟ್ ಆದ್ರ ಹೆಡ್ ಆಫೀಸಿನವ್ರು ನನಗೇ ಬೈತಾರ.” ನಿಮ್ಮ ಮಾತೂ ಬರೆದಿದ್ದೇನೆ ಸರ್. ಆದರೂ ನನ್ನ ಸಿಟ್ಟು ಇಳಿದಿಲ್ಲ.)

೨, ಮತ್ತೆ

ಇವತ್ತು ಸ್ಮಿತಾ ಅದೇ ರೂಮಿನಲ್ಲಿ, ಅದೇ ಕುರ್ಚಿಯಲ್ಲಿ ಕೂತಿದ್ದಾಳೆ. ಎದುರಿಗೆ ಅದೇ ಡಬ್ಬಿ. ವೇರ್‌ಹೌಸಿನಲ್ಲಿ ಇರುವುದೇ ಮೂರು ಅಡ್ಡ ಎಂದು ಅವಳಿಗೆ…

“ಮೂರು ಅಂತ ಯಾರು ಎಣಿಸಿದ್ರು?” ಸ್ಮಿತಾ ನನ್ನತ್ತ ತಿರುಗಿದಳು.

ನಾನೇ, ಎಂದೆ.

“ಎಲ್ಲಿ ಕೂತ್ಕೊಂಡು?”

ಮೆಟುಚೆನ್ನಿನ ನನ್ನ ಮನೆಯಲ್ಲಿ. ಸೀಕಾಕಸ್ಸನ್ನು ನಾನು ಕಂಡಿರುವುದು ಟ್ರೈನಿನ ಕಿಟಕಿಯಿಂದ ಮಾತ್ರ.

“ನಾನು ಕೂತಲ್ಲೇ ಟಿಕ್ ಹಾಕಿದ್ದು ತಪ್ಪು. ನೀವು ಕೂತಲ್ಲೇ ಕಥೆ ಬರೆದ್ರೆ ಅದು ಸಾಹಿತ್ಯ! ಹಾಕ್ರೀ, ನಿಮ್ಮ ಎಂಡಿಂಗ್ ಏನಿದೆ ಹಾಕಿ!”

ಕೆನ್ನೆಗೆ ಬಾರಿಸಿದಂತಾಯಿತು. ಆದರೂ ಹಾಕಿದೆ.

ಅಂತ್ಯ ಒಂದು: ಸ್ಮಿತಾ ತಪ್ಪೊಪ್ಪಿಕೊಂಡು ವಿಮಾನ ಹತ್ತುತ್ತಾಳೆ. ಓದುಗರ ಕಣ್ಣು ಒದ್ದೆ.

ಅಂತ್ಯ ಎರಡು: ಸಹಿ ಹಾಕುತ್ತಾಳೆ. ಎಣ್ಣೆಗಾಯಿ ಗಂಟಲಲ್ಲಿ ಇಳಿಯುವುದಿಲ್ಲ. ವಿಮರ್ಶಕರಿಗೆ ಖುಷಿ.

“ಎರಡರಲ್ಲೂ ನನ್ನ ಕಾಲು ಮುರಿದೇ ಇದೆಯಲ್ಲಪ್ಪಾ?”

ಸುಧಾಮಣಿ. ಆಸ್ಪತ್ರೆಯ ಹಾಸಿಗೆಯಿಂದ. ಇಷ್ಟು ಹೊತ್ತು ಅವರಿಗೆ ನಾನು ಒಂದು ಮಾತೂ ಕೊಟ್ಟಿರಲಿಲ್ಲ.

“ಅವರ ನೌಕರಿ, ಅವರ ವೀಸಾ, ನಿಮ್ಮ ಸಿಟ್ಟು… ಎಲ್ಲಾ ಬರೆದ್ರಿ. ಅಲ್ಲಿದ್ದೋಳು ನಾನು ಕಣಪ್ಪಾ! ಬಿದ್ದೋಳು ನಾನು! ಅಡ್ಡ ಇತ್ತಾ, ದೀಪ ಯಾವ್ದಿತ್ತು ಅಂತ ಒಬ್ರಾದ್ರೂ ನನ್ನ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಮ್ಯಾನೇಜರ್ ಕೇಳಿರಲಿಲ್ಲ, ಆಡಿಟರ್ ಕೇಳಿರಲಿಲ್ಲ. ನಾಲ್ಕು ಕರಡು ಬರೆದ ನಾನೂ ಕೇಳಿರಲಿಲ್ಲ.

ಸ್ಮಿತಾ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಇದು ನನ್ನ ಯಾವ ಕರಡಿನಲ್ಲೂ ಇರಲಿಲ್ಲ.

“ಊಟ ಆರ್ತದವಾ,” ಎಂದರು ಅಮರೇಶ್ವರ.

“ಆರಲಿ ಅಂಕಲ್.”

ಕೋಟು ಹಾಕಿಕೊಂಡು ಬಾಗಿಲುಗಳತ್ತ ನಡೆದಳು. ನಡೆಯುತ್ತಲೇ ಫೋನ್ ಮಾಡಿದಳು. “ಆಂಟೀ, ನಾನು ಸ್ಮಿತಾ, ಆಡಿಟ್‌ನಿಂದ. ಅವತ್ತು ಏನಾಯ್ತು, ನೀವೇ ಹೇಳಿ.”

ಸುಧಾಮಣಿ ಹೇಳತೊಡಗಿದರು. ಏನು ಹೇಳಿದರು ಎಂದು ನನ್ನನ್ನು ಕೇಳಬೇಡಿ. ಒಂಬತ್ತನೇ ಬಾಗಿಲಲ್ಲಿ ಅಡ್ಡ ಇತ್ತೇ, ಇರಲಿಲ್ಲವೇ? ನಾನು ನೋಡಿಲ್ಲ. ನೋಡದೆ ಇನ್ನೊಂದು ಟಿಕ್ ಹಾಕಲಾರೆ. ಸೀಕಾಕಸ್ಸಿಗೆ ಟ್ರೈನ್ ಇದೆ, ಶೂ ಹಾಕಿಕೊಳ್ಳುತ್ತಿದ್ದೇನೆ.