ಕೆಂಪು ಚುಕ್ಕಿ

ಫೋಟೋ ತಿರುಗುಮುರುಗಾಗಿ ಅಚ್ಚಾಗಿದೆ ಎಂದೇ ಅವಳು ಮೊದಲು ಅಂದುಕೊಂಡಳು. ಕನ್ನಡಕದಂಗಡಿಯ ಹಿಂದಿನ ಮೇಜಿನ ಮೇಲೆ, ಗಾಜಿನ ಅಂಚು ಪರೀಕ್ಷಿಸುವ ದೀಪದ ಕೆಳಗೆ, ಸಾಲ್ಸಾ ನೃತ್ಯೋತ್ಸವದ ಕರಪತ್ರ ಬಿಚ್ಚಿಕೊಂಡು ಬಿದ್ದಿತ್ತು. ಮಹಾನಗರದ ಯಾವುದೋ ದೊಡ್ಡ ಸಭಾಂಗಣ. ಫೋಟೋ ತೆಗೆದವನು ಮೇಲಿನ ಬಾಲ್ಕನಿಯಲ್ಲಿ ನಿಂತಿದ್ದಿರಬೇಕು. ಕೆಳಗೆ ಎಣಿಸಲಾರದಷ್ಟು ಜೋಡಿಗಳು. ಮೂರು ದಿನದಿಂದ ಊಟದ ಹೊತ್ತಿಗೆ ಅವಳು ಅದನ್ನು ತೆಗೆದು ನೋಡುತ್ತಿದ್ದಳು, ನೋಡಿದಾಗಲೆಲ್ಲ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಒಂದೇ ಹಾಡಿಗೆ ಇಷ್ಟು ಕಾಲುಗಳು ಒಟ್ಟಿಗೆ ಬಿದ್ದರೆ ಆ ನೆಲಕ್ಕೆ ಏನನ್ನಿಸಬಹುದು ಎಂದು ಅವಳಿಗೆ ಬೆರಗು.

ಇವತ್ತು ಕಣ್ಣಿಗೆ ಬಿದ್ದದ್ದು ಬೇರೆ. ಫೋಟೋದಲ್ಲಿದ್ದ ಗಂಡಸರೆಲ್ಲ ಎಡಗೈಯಲ್ಲಿ ಜೊತೆಗಾತಿಯ ಕೈ ಹಿಡಿದು, ಬಲಗೈಯನ್ನು ಅವಳ ಬೆನ್ನಿಗಿಟ್ಟಿದ್ದರು. ಅವಳ ಕುಣಿತದ ತಂಡದ ಗಂಡಸರು ಹಿಡಿಯುತ್ತಿದ್ದುದು ಬಲಗೈಯಲ್ಲಿ. ಇಪ್ಪತ್ತು ವರ್ಷದಿಂದ ಎಡಗಣ್ಣಿನ ಗಾಜು, ಬಲಗಣ್ಣಿನ ಗಾಜು ಎಂದು ಬೇರೆ ಮಾಡಿ, ಅದಲುಬದಲಾಗದಿರಲೆಂದು ಬಲಗಣ್ಣಿನದಕ್ಕೆ ಕೆಂಪು ಚುಕ್ಕಿ ಇಡುತ್ತ ಬಂದವಳಿಗೆ ಇಂಥದ್ದು ಕಾಣದೆ ಹೋಗುವುದುಂಟೆ? ಪ್ರೆಸ್ಸಿನವರ ಎಡವಟ್ಟು ಎಂದುಕೊಂಡು ಪುಟ ಮಡಿಚಬೇಕು, ಅಷ್ಟರಲ್ಲಿ ಜೋಡಿಗಳ ತಲೆಯ ಮೇಲೆ ಕಟ್ಟಿದ್ದ ಬ್ಯಾನರ್ ಕಾಣಿಸಿತು. ಅದರ ಅಕ್ಷರಗಳು ನೆಟ್ಟಗಿದ್ದವು. ಫೋಟೋ ಸರಿಯಾಗಿಯೇ ಇತ್ತು.

ತಿರುಗುಮುರುಗಾಗಿದ್ದವರು ತಾವು.

ಬೇಕರಿಯ ಮಹಡಿಯಲ್ಲಿ ಹಿಟ್ಟಿನ ಮೂಟೆಗಳನ್ನು ಗೋಡೆಗೆ ಒತ್ತರಿಸಿ, ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ, ಅವಳೂ ಬೇಕರಿಯವರೂ ಸೇರಿ ಎಂಟು ಜನ ಸಾಲ್ಸಾ ಕುಣಿಯುತ್ತಿದ್ದರು. ಕಲಿಸಿದವರು ಡ್ರೈವರಣ್ಣ. ಬಸ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಯಾರೋ ಬಿಟ್ಟುಹೋಗಿದ್ದ, ಸಾಲ್ಸಾ ಕಲಿಸುವ ಒಂದು ವಿಡಿಯೋ ಕ್ಯಾಸೆಟ್ಟನ್ನು ಟಿವಿಗೆ ಹಾಕಿ ನೋಡಿದ ದಿನ ಟೀ ಆರಿ ಕೆನೆಗಟ್ಟಿದ್ದೇ ತಮಗೆ ತಿಳಿಯಲಿಲ್ಲ ಎಂದು ಅವರು ಇವತ್ತಿಗೂ ಹೇಳುತ್ತಾರೆ. ಆಮೇಲೆ ಎರಡು ವರ್ಷ, ಒಂದು ಟ್ರಿಪ್ಪಿಗೂ ಇನ್ನೊಂದು ಟ್ರಿಪ್ಪಿಗೂ ನಡುವೆ, ಆ ಟಿವಿಯ ಎದುರು ನಿಂತು ಒಬ್ಬರೇ ಕಲಿತರು. ಟಿವಿಯಲ್ಲಿ ಕಲಿಸುತ್ತಿದ್ದವನು ಇತ್ತ ಮುಖ ಮಾಡಿ ನಿಂತಿದ್ದ. ಎದುರಿಗಿರುವವರ ಎಡಗೈ ನಮ್ಮ ಬಲಕ್ಕೆ ಬರುತ್ತದೆ. ಕನ್ನಡಿ ನೋಡಿದ ಹಾಗೆ ಅವನನ್ನು ನೋಡಿ, ಅವನು ಎಡಗೈ ಎತ್ತಿದಾಗ ಇವರು ಬಲಗೈ ಎತ್ತಿದ್ದರು. ಕಲಿತದ್ದನ್ನು ಉಳಿದ ಏಳು ಜನಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕಲಿಸಿದ್ದರು. ಎಲ್ಲರೂ ಒಂದೇ ಥರ ತಪ್ಪಿದ್ದರಿಂದ ಅಷ್ಟೂ ವರ್ಷದಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದಿರಲಿಲ್ಲ.

ಉತ್ಸವಕ್ಕೆ ಇನ್ನು ಏಳು ವಾರವಿತ್ತು. ಮೂವತ್ತೆರಡು ವರ್ಷ ಒಂದೇ ರೂಟಿನಲ್ಲಿ ಬಸ್ ಓಡಿಸಿ ನಿವೃತ್ತರಾದ ಡ್ರೈವರಣ್ಣ ಮಹಾನಗರವನ್ನು ಕಣ್ಣಾರೆ ಕಂಡವರಲ್ಲ. ಆದರೆ ಪ್ರಯಾಣದ ವೇಳಾಪಟ್ಟಿಯನ್ನು ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿದ್ದರು. ಬೆಳಗ್ಗೆ ಆರು ಹತ್ತಕ್ಕೆ ರೈಲು. ಜಂಕ್ಷನ್ನಿನಲ್ಲಿ ಬದಲಾಯಿಸಲು ಇಪ್ಪತ್ತೆರಡು ನಿಮಿಷ. ಸ್ಟೇಷನ್ನಿನಿಂದ ಸಭಾಂಗಣಕ್ಕೆ ನಡಿಗೆ ಹದಿನಾಲ್ಕು ನಿಮಿಷ, ಪಕ್ಕದಲ್ಲಿ ಸಣ್ಣಗೆ, ಬೇಕರಿಯವರ ಮಂಡಿನೋವಿಗೆ ಇನ್ನೂ ಆರು. ಹೋಗುವಾಗ ಕಿಟಕಿ ಪಕ್ಕ ಯಾರು, ಬರುವಾಗ ಯಾರು ಎಂಬುದೂ ಅದರಲ್ಲಿತ್ತು. ಅವರ ಹೆಂಡತಿ ಕುಣಿಯುವವರಲ್ಲ. ನಿವೃತ್ತಿಯಾದ ಮೇಲೆ ಇವರಿಗೆ ಕಾಲು ಬಂದಿದೆ ಎಂದು ಎಲ್ಲರೆದುರು ಆಡಿಕೊಂಡು, ಮನೆಯಲ್ಲಿ ಮೂರು ಅಂಗಿಗಳನ್ನು ಇಸ್ತ್ರಿ ಮಾಡಿ ಆಗಲೇ ಪೆಟ್ಟಿಗೆಯಲ್ಲಿಟ್ಟಿದ್ದರು.

ಕರಪತ್ರದ ಒಂದು ಸಾಲನ್ನು ಕಳೆದ ಶನಿವಾರ ಡ್ರೈವರಣ್ಣ ಮೂರು ಸಲ ಓದಿದ್ದರು. ಮೊದಲ ದಿನ, ಮೊದಲ ಒಂದು ಗಂಟೆ, ಪ್ರತಿ ಹಾಡಿಗೂ ಹೊಸ ಜೊತೆ. ಯಾರು ಯಾರ ಜೊತೆಗಾದರೂ ಕುಣಿಯಬಹುದು. ಅದನ್ನು ಕೇಳಿ ಅವಳ ಮೈ ಜುಮ್ಮೆಂದಿತ್ತು. ಗಂಡ ಹೋದ ಮೇಲೆ ಅವಳ ಕೈ ಹಿಡಿದವರೆಂದರೆ ಹಿಟ್ಟಿನ ಮೂಟೆಗಳ ನಡುವಿನ ಈ ಕೆಲವರೇ. ಭಾಷೆಯೇ ತಿಳಿಯದ ಯಾರೋ ಒಬ್ಬರು ಕೈ ಚಾಚಿದರೆ ತನ್ನ ಕಾಲು ಅವರ ಕಾಲಿಗೆ ಉತ್ತರ ಕೊಡುತ್ತದೆ ಎಂಬುದನ್ನು ಅವಳು ನಂಬಲಾರದೆ ನಂಬಿದ್ದಳು. ಈಗ ನೋಡಿದರೆ ಮೊದಲ ಹೆಜ್ಜೆಯಲ್ಲೇ ಡಿಕ್ಕಿ.

ಹೇಳದೆ ಸುಮ್ಮನಿದ್ದರೆ ಅಷ್ಟು ಜನರ ನಡುವೆ ಡ್ರೈವರಣ್ಣ ನಗೆಪಾಟಲಾಗುತ್ತಾರೆ. ಹೇಳಿದರೆ ಅವರು ಉತ್ಸವದ ಅರ್ಜಿಯನ್ನು ಹರಿದು ಬಿಸಾಡಿ, ಬೇಕರಿಯ ಮೆಟ್ಟಿಲನ್ನೇ ಮತ್ತೆ ಹತ್ತದಿರಬಹುದು. ಎಂಟು ಹೆಸರು ಬರೆದ ಆ ಅರ್ಜಿ ಇವತ್ತು ಸಂಜೆಯೊಳಗೆ ಅಂಚೆಗೆ ಬೀಳಬೇಕಿತ್ತು. ಅವಳು ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ನಾಲ್ಕು ಗಂಟೆಗೆ ಡ್ರೈವರಣ್ಣ ತಾವೇ ಬಂದರು. ಕನ್ನಡಕದ ಕಾಲು ಸಡಿಲವಾಗಿತ್ತು. ಅಂಚೆ ಕಚೇರಿಗೆ ಹೋಗುವ ಮುನ್ನ ಹೆಸರುಗಳನ್ನು ಇನ್ನೊಮ್ಮೆ ಓದಿ ನೋಡಬೇಕಂತೆ. ಅಂಗಡಿಯ ಯಜಮಾನರು ಹೊರಗೆ ಹೋಗಿದ್ದರು. ಅವಳು ಸ್ಕ್ರೂ ಬಿಗಿಮಾಡಿ, ಗಾಜು ಒರೆಸಿ ಕೊಟ್ಟಳು. ಕೊಟ್ಟ ಮೇಲೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಅಣ್ಣ, ಒಂದು ನಿಮಿಷ ಒಳಗೆ ಬನ್ನಿ."

ಕಣ್ಣು ಪರೀಕ್ಷೆಯ ಕೋಣೆ ಚಿಕ್ಕದು. ಜಾಗ ಸಾಲದೆಂದು ಅಕ್ಷರದ ಪಟ್ಟಿಯನ್ನು ಕುರ್ಚಿಯ ಹಿಂದಿನ ಗೋಡೆಗೆ ಹಾಕಿ, ಎದುರಿಗೆ ಆಳೆತ್ತರದ ಕನ್ನಡಿ ನಿಲ್ಲಿಸಿದ್ದರು. ಪಟ್ಟಿಯ ಅಕ್ಷರಗಳನ್ನು ಉಲ್ಟಾ ಬರೆದಿದ್ದರು; ಕನ್ನಡಿಯಲ್ಲಿ ನೋಡಿದಾಗ ಅವು ಸರಿಯಾಗಿ ಕಾಣುತ್ತಿದ್ದವು. ಅವಳು ಕರಪತ್ರವನ್ನು ಕನ್ನಡಿಯ ಪಕ್ಕಕ್ಕೆ ಅಂಟಿಸಿ, ಶನಿವಾರ ಹಿಡಿಯುವ ಹಾಗೆ ತನ್ನ ಕೈ ಹಿಡಿದು ಕನ್ನಡಿ ನೋಡಲು ಹೇಳಿದಳು. ಅವರು ಏನೋ ತಮಾಷೆ ಎಂದುಕೊಂಡು ನಗುತ್ತಲೇ ಹಿಡಿದರು. ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು.

ಕನ್ನಡಿಯೊಳಗಿನ ಜೋಡಿ ಫೋಟೋದ ಜೋಡಿಗಳ ಹಾಗೆಯೇ ಇತ್ತು. ಅವರು ಫೋಟೋ ನೋಡಿದರು, ಕನ್ನಡಿ ನೋಡಿದರು, ಹಿಂದಿನ ಗೋಡೆಯ ಉಲ್ಟಾ ಪಟ್ಟಿಯನ್ನು ನೋಡಿದರು. ಕೊನೆಗೆ ತಮ್ಮ ಬಲಗೈಯನ್ನು ನೋಡಿದರು. ನಗು ಮೆಲ್ಲಗೆ ಇಳಿದುಹೋಯಿತು. ಹೋಗಿ ಪರೀಕ್ಷೆಯ ಕುರ್ಚಿಯಲ್ಲಿ ಕೂತರು.

"ಮೂವತ್ತೆರಡು ವರ್ಷ ಕನ್ನಡಿ ನೋಡ್ಕೊಂಡೇ ಬಸ್ ಓಡಿಸ್ದೆ ಕಣಮ್ಮ," ಎಂದರು.

ಹೇಳಬಾರದಿತ್ತು ಎಂದು ಅವಳಿಗೆ ಅನ್ನಿಸಿತು. ಉಳಿದವರಿಗೆ ಗೊತ್ತೇ ಎಂದು ಅವರು ಕೇಳಿದಾಗ, ಇಲ್ಲ, ತನಗೂ ಇವತ್ತು ಮಧ್ಯಾಹ್ನವೇ ತಿಳಿದದ್ದು ಎಂದಳು. ಅವರು ಜೇಬಿನಿಂದ ಅರ್ಜಿ ತೆಗೆದರು. ಹರಿಯುತ್ತಾರೆ ಎಂದುಕೊಂಡಳು. ಅವರು ಅದನ್ನು ತೊಡೆಯ ಮೇಲಿಟ್ಟು, ಮಡಿಕೆಯ ಗೆರೆಯನ್ನು ಹೆಬ್ಬೆರಳಿನಿಂದ ನೀವುತ್ತ, ಕನ್ನಡಿಯತ್ತ ನೋಡಿ ಕೇಳಿದರು.

"ಇಷ್ಟು ವರ್ಷದಲ್ಲಿ ಒಂದು ದಿನನಾದ್ರೂ ಯಾರಾದ್ರೂ ಯಾರದಾದ್ರೂ ಕಾಲು ತುಳಿದಿದ್ದೀರಾ?"

"ಇಲ್ಲಣ್ಣ."

"ಒಂದು ಸಲನೂ?"

"ಒಂದು ಸಲನೂ ಇಲ್ಲ."

"ಇಡೀ ಕುಣಿತ ಉಲ್ಟಾ, ಆದ್ರೂ ಒಂದು ಹೆಜ್ಜೆ ತಪ್ಪಿಲ್ಲ." ಬೇರೆ ಯಾರದೋ ಶಿಷ್ಯರ ಮಾತಾಡುತ್ತಿರುವವರಂತೆ ಅವರು ತಲೆ ಅಲ್ಲಾಡಿಸಿದರು. ಕಣ್ಣಲ್ಲಿ ನೀರಿತ್ತು, ಆದರೆ ಅದು ದುಃಖದ್ದಾಗಿರಲಿಲ್ಲ. ಆರಿದ ಟೀ ಮುಂದೆ ಕೂತ ದಿನ ಅವರ ಮುಖ ಹೀಗೆಯೇ ಇದ್ದಿರಬೇಕು ಎಂದು ಅವಳಿಗೆ ಅನ್ನಿಸಿತು.

ಅವರು ಎಡಗಾಲು ಮುಂದೆ ಚಾಚಿದರು. ಪಾಲಿಶ್ ಮಾಡಿದ ಕಪ್ಪು ಶೂ ದೀಪಕ್ಕೆ ಹೊಳೆಯಿತು.

"ಗಾಜಿಗೆ ಚುಕ್ಕಿ ಇಡ್ತೀಯಲ್ಲ, ಆ ಪೆನ್ ತಗೊಂಡ್ ಬಾ. ಇನ್ಮೇಲೆ ನಾನು ಶುರು ಮಾಡ್ಬೇಕಾದ್ದು ಈ ಕಾಲಲ್ಲಿ."

ಅವಳು ಮಂಡಿಯೂರಿ ಕೂತು, ಶೂವಿನ ತುದಿಗೆ ಕೆಂಪು ಚುಕ್ಕಿ ಇಟ್ಟಳು. ಆಮೇಲೆ ತನ್ನ ಚಪ್ಪಲಿಗೂ ಇಟ್ಟುಕೊಂಡಳು, ಬಲಗಾಲಿನದಕ್ಕೆ. ಇನ್ನು ಮುಂದೆ ಅವಳು ಹಿಂದಕ್ಕೆ ಎತ್ತಬೇಕಾದ ಕಾಲು ಅದು. ಕೈಗಳನ್ನು ಬದಲಿಸಿ ಹಿಡಿದಾಗ ಇಬ್ಬರಿಗೂ ಒಂದು ಥರ ಸಂಕೋಚವಾಯಿತು. ಅಷ್ಟು ವರ್ಷದ ಪರಿಚಯದ ಕೈ ಹೊಸಬರದ್ದಾಗಿತ್ತು.

"ಒಂದು, ಎರಡು, ಮೂರು," ಎಂದು ಅವರು ಶುರುಮಾಡಿದರು. ಒಂದಕ್ಕೇ ಅವಳ ಅಭ್ಯಾಸದ ಎಡಗಾಲು ಹಿಂದಕ್ಕೆ ಸರಿಯಿತು, ಅವರ ಎಡಗಾಲು ಅಲ್ಲೇ ಉಳಿದಿದ್ದ ಅವಳ ಬಲಗಾಲನ್ನು ಜೋರಾಗಿ ತುಳಿಯಿತು. ಅವಳು ನೋವಿಗೆ ತುಟಿ ಕಚ್ಚಿದಳು. ಅಂಗಡಿಯ ಬಾಗಿಲ ಗಂಟೆ ಸದ್ದಾಯಿತು. ಯಾರೋ ಗಿರಾಕಿ ಬಂದಿರಬೇಕು.

"ಇನ್ನೊಂದ್ ಸಲ," ಎಂದರು ಡ್ರೈವರಣ್ಣ.

ಕುರ್ಚಿಯ ಮೇಲೆ ಎಂಟು ಹೆಸರಿನ ಅರ್ಜಿ ಬಿಚ್ಚಿಕೊಂಡಿತ್ತು. ಇಬ್ಬರೂ ತಲೆ ತಗ್ಗಿಸಿ ತಮ್ಮ ತಮ್ಮ ಚುಕ್ಕಿ ನೋಡುತ್ತ ನಿಂತರು. ಕನ್ನಡಿಯೊಳಗಿನ ಜೋಡಿ ಈಗ ಉಲ್ಟಾ ಹಿಡಿದುಕೊಂಡು, ಇವರ ಜೊತೆಗೇ ಕಾಲೆತ್ತಲು ಕಾಯುತ್ತಿತ್ತು.