ಕೆರೆಯ ಗುಡಿಸಲಿಗೆ ಗ್ಯಾಸ್ ಹೀಟರು

ಗೌರವ್ವ ಬಲೆ ಹೊತ್ತು ದಂಡೆಗೆ ಬಂದಾಗ ಗುಡಿಸಲಿನ ಬಾಗಿಲಿಗೆ ಇಳಿಬಿಟ್ಟ ತಾಡಪತ್ರಿಯನ್ನು ಒಳಗಿನಿಂದ ಬಿಗಿಯಾಗಿ ಕಟ್ಟಲಾಗಿತ್ತು. "ಸೋನಲಾ!" ಎಂದು ಎರಡು ಸಲ ಕೂಗಿದಳು. ಹಗ್ಗ ಕೊಯ್ದು ಒಳಗೆ ನುಗ್ಗಿದರೆ, ಸೊಸೆ ಇದ್ದಿಲು ಹಚ್ಚಿದ್ದ ಶೆಗಡಿ ಒಲೆಯ ಪಕ್ಕದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಳು. ಗೌರವ್ವ ರಟ್ಟೆ ಹಿಡಿದು ಅವಳನ್ನು ಹೊರಗೆಳೆದಳು. ಡಿಸೆಂಬರಿನ ಚಳಿಗಾಳಿ ಬಡಿದು ಒಂದಿಷ್ಟು ಹೊತ್ತಾದ ಮೇಲೆ ಸೋನಲ ಕಣ್ಣು ತೆರೆದು ವಾಂತಿ ಮಾಡಿಕೊಂಡಳು.

ಗಡಹಿಂಗ್ಲಜದ ಡಾಕ್ಟರು ಬೈದೇ ಹೇಳಿದರು: "ಮುಚ್ಚಿದ ಜಾಗಾದಾಗ ಇದ್ದಲಿ ಹಚ್ಚಿದ್ರ ವಿಷದ ಗಾಳಿ ತುಂಬತೈತಿ. ಅದಕ್ಕ ವಾಸನೀನೂ ಇಲ್ಲ, ಬಣ್ಣಾನೂ ಇಲ್ಲ. ಇನ್ನೊಂದು ಹತ್ತು ನಿಮಿಷ ಆಗಿದ್ರ ಈಕಿ ಉಳೀತಿರಲಿಲ್ಲ."

ಸುದ್ದಿ ಊರಿಗೆ ಮೊದಲು ಮುಟ್ಟಿಸಿದವನು ಗುರುಸಿದ್ದ. ಆ ಕೆರೆಯ ಮೀನಿನ ಗುತ್ತಿಗೆ ಇಪ್ಪತ್ತು ವರ್ಷ ಅವನ ಕೈಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಗೌರವ್ವನ ಬಚತ ಗಟದ, ಅಂದರೆ ಉಳಿತಾಯ ಸಂಘದ, ಹನ್ನೊಂದು ಹೆಂಗಸರು ಅರ್ಜಿ ಹಾಕಿ ಅದನ್ನು ಪಡೆದುಕೊಂಡಿದ್ದರು. ಹೊತ್ತು ಹುಟ್ಟುವ ಮೊದಲೇ ನಡುಮಟ್ಟ ನೀರಿಗಿಳಿದು ಬಲೆ ಎಳೆಯುತ್ತಿದ್ದರು. ಚಳಿಗಾಲದಲ್ಲಿ ಒದ್ದೆ ಸೀರೆ ಬದಲಿಸಿ ಬೆರಳು ಕಾಯಿಸಿಕೊಳ್ಳದಿದ್ದರೆ ಬಲೆಯಿಂದ ಮೀನು ಬಿಡಿಸಲೂ ಕೈ ಬರುತ್ತಿರಲಿಲ್ಲ. ಅದಕ್ಕೆಂದೇ ಆ ಗುಡಿಸಲು.

ಪಂಚಾಯಿತಿಯಲ್ಲಿ ಗುರುಸಿದ್ದ ಎದ್ದು ನಿಂತು, "ನೀರಾಗಿನ ಕೆಲಸ ಹೆಂಗಸರಿಗೆ ಯಾಕ್ರಿ? ನಾಳೆ ಒಂದು ಹೆಣಾ ಬಿದ್ರ ಊರಿಗೇ ಕೆಟ್ಟ ಹೆಸರು" ಎಂದ.

"ನಿನ್ನ ಕಾಲದಾಗ ಇಬ್ಬರು ಗಂಡಸರು ಇದೇ ಕೆರಿಯಾಗ ಮುಳುಗಿ ಸತ್ರಲ್ಲ ಗುರುಸಿದ್ದಣ್ಣಾ, ಅವಾಗ ಊರಿನ ಹೆಸರು ಎಲ್ಲಿ ಹೋಗಿತ್ತು?" ಎಂದಳು ಗೌರವ್ವ.

ಕೊನೆಗೆ ಪಂಚರು ಎಂಟು ದಿನದ ಗಡುವು ಕೊಟ್ಟರು. ಅಷ್ಟರೊಳಗೆ ಗುಡಿಸಲಿನಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದು ತೋರಿಸಬೇಕು, ಇಲ್ಲವೆ ಕೆರೆ ಬಿಡಬೇಕು.

ಆ ಸಂಜೆ ಇಚಲಕರಂಜಿಯಿಂದ ಮಗ ಅಪ್ಪುವಿನ ಫೋನು ಬಂತು. ಅವನು ಅಲ್ಲಿ ಮಗ್ಗದ ಕಾರಖಾನೆಯಲ್ಲಿದ್ದ. "ಸೋನಲನ್ನ ಇಲ್ಲಿಗೆ ಕಳಸಬೇ. ಕೆರಿ ಸಾಕು" ಎಂದ. ಗೌರವ್ವನ ಎದೆಯಲ್ಲೂ ಅದೇ ಭಯ ಕೂತಿತ್ತು. ಸೊಸೆಯ ಜೋಲುಬಿದ್ದ ಕೈ ಕಣ್ಣಿಂದ ಹೋಗಿರಲಿಲ್ಲ. ಫೋನನ್ನು ಸೋನಲಳ ಕೈಗೆ ಕೊಟ್ಟಳು.

"ನನ್ನ ಕೇಳ್ರಿ, ಅತ್ತೀನ್ನ ಯಾಕ ಕೇಳ್ತೀರಿ?" ಎಂದಳು ಸೋನಲ. "ನಾ ಕೆರಿ ಬಿಡೂದಿಲ್ಲ. ಇದ್ದಲಿ ಬದಲಿ ಗುಡಿಸಲಿಗೆ ಹೀಟರ್ ತಗೊಳ್ಳಾಕ ನಾವಿಬ್ಬರೂ ಬರ್ತೇವಿ. ಅಂಗಡಿ ತೋರಸ್ರಿ."

ಮರುದಿನ ಇಚಲಕರಂಜಿಯಲ್ಲಿ ಅಪ್ಪು ಮುಖ ಊದಿಸಿಕೊಂಡೇ ಅಂಗಡಿ ತೋರಿಸಿದ. ಕೆರೆಯ ಹತ್ತಿರ ಕರೆಂಟಿರಲಿಲ್ಲ. ಗ್ಯಾಸಿನದೇ ಬೇಕಿತ್ತು. ಅಂಗಡಿಯವನು ಮುಂದಿನ ಜಾಲರಿ ಕೆಂಪಗೆ ಕಾಯುವ ಒಂದು ಸಣ್ಣ ಹೀಟರನ್ನು ಹಚ್ಚಿ ತೋರಿಸಿದ.

"ಮಾವಶಿ, ಹಾಚ ಘ್ಯಾ. ಸ್ವಸ್ತ ಆಹೆ." ಅಗ್ಗದ್ದು, ಇದನ್ನೇ ತಗೊಳ್ಳಿ ಎಂದು ಮರಾಠಿಯಲ್ಲಿ ಒತ್ತಾಯಿಸಿದ.

ಗೌರವ್ವ ಸೆರಗಿನಿಂದ ಹಿಡಿಕೆ ಹಿಡಿದು, ಉರಿಯುತ್ತಿದ್ದ ಹೀಟರನ್ನು ಕಲ್ಲಿನ ನೆಲದ ಮೇಲೆ ಅಡ್ಡ ಮಲಗಿಸಿದಳು. ಅದು ಹಾಗೇ ಉರಿಯುತ್ತಿತ್ತು. ಅಂಗಡಿಯವನು ಚೀರಿಕೊಂಡು ಓಡಿಬಂದು ಎತ್ತಿ ಆರಿಸಿದ.

"ನಿನ್ನ ಅಂಗಡ್ಯಾಗ ಬಿದ್ರ ನೀ ಓಡಿ ಬರ್ತಿ. ನಮ್ಮ ತಾಡಪತ್ರಿಗೆ ಬೆಂಕಿ ಹತ್ತಿದ್ರ ಯಾರ ಬರ್ತಾರ?" ಎಂದು ಅವಳು ಮೆಟ್ಟಿಲಿಳಿದಳು. ಅಪ್ಪು ಮೊದಲ ಸಲ ನಕ್ಕ.

ಅಲ್ಲಿಂದ ಅತ್ತೆ ಸೊಸೆ ಗಡಹಿಂಗ್ಲಜಕ್ಕೆ ಬಂದರು. ಅಲ್ಲಿ ಶ್ರೀಪಾಲರ ಅಂಗಡಿ ಹಳೆಯದು. ಜೈನರ ಮನೆತನ. ಒಲೆ, ಬರ್ನರು ಮಾರುವುದೂ ರಿಪೇರಿ ಮಾಡುವುದೂ ಅವರೇ. ಮೀನು ಹಿಡಿಯುವ ಗುಡಿಸಲಿಗೆ ಎಂದು ಕೇಳಿದೊಡನೆ ಅವರ ಕೈ ನಿಂತಿತು. "ಅವ್ವಾರ, ಆ ಕೆಲಸಕ್ಕ ನಾ ಸಾಮಾನ ಕೊಡೂದು..."

"ನಿಮಗ ಮೀನ ಮಾರಾಕ ಬಂದಿಲ್ರಿ ಸಾವಕಾರ್ರ" ಎಂದಳು ಗೌರವ್ವ. "ಇಕಿ ನನ್ನ ಸೊಸಿ. ಹೋದ ವಾರ ಸಾಯಬೇಕಿತ್ತು. ಇಕಿ ಉಸಿರು ಉಳಸೂ ಹೀಟರ್ ಯಾವುದು, ಅಷ್ಟ ಹೇಳ್ರಿ. ನೀವು ಕೊಡದಿದ್ರೂ ನಾವು ನೀರಿಗೆ ಇಳಿಯೂದ ಇಳೀತೇವಿ."

ಶ್ರೀಪಾಲರು ಸೋನಲಳನ್ನು ನೋಡಿದರು. ಆಮೇಲೆ ಕುರ್ಚಿ ಎಳೆದು ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿದರು. ಬಿದ್ದರೆ ತಾನಾಗಿ ಆರುವುದು, ಒಳಗಿನ ಗಾಳಿ ಕೆಟ್ಟರೆ ಗ್ಯಾಸು ತಾನಾಗಿ ಬಂದ್ ಆಗುವುದು, ಎರಡೂ ಗುಣ ಇರುವ ಹೀಟರನ್ನೇ ತಗೊಳ್ಳಬೇಕು ಎಂದರು. ಅದನ್ನು ಕೊಲ್ಲಾಪುರದಿಂದ ತಾವೇ ತರಿಸಿಕೊಟ್ಟರು. "ಆದ್ರೂ ಯಂತ್ರಾನ್ನ ಪೂರಾ ನಂಬಬ್ಯಾಡ್ರಿ. ಕೆಳಗೊಂದು, ಮ್ಯಾಲೊಂದು ಕಿಂಡಿ ಇರಲಿ. ಸಿಲಿಂಡರ್ ಹೊರಗಿರಲಿ. ಉರಿಯಾಕತ್ತಾಗ ಯಾರೂ ಮಲಗಬಾರದು."

ಎಂಟನೆಯ ದಿನ ಪಂಚರು ಕೆರೆಗೆ ಬಂದರು. ಗೌರವ್ವ ಕುಡುಗೋಲಿನಿಂದ ತಾಡಪತ್ರಿಯಲ್ಲಿ ಎರಡು ಕಿಂಡಿ ಕೊಯ್ದಿದ್ದಳು. ಹೀಟರಿನ ಕೆಳಗೆ ಫರಸಿ ಕಲ್ಲು ಹಾಸಿ, ಅದನ್ನು ಹಚ್ಚಿಟ್ಟಿದ್ದಳು. ಗುರುಸಿದ್ದ ಎಲ್ಲರಿಗಿಂತ ಮುಂದೆ ಒಳಗೆ ಹೋಗಿ, "ಇದೇನ ಆಟಗಿ ಸಾಮಾನ?" ಎನ್ನುತ್ತ ಕಾಲಿನಿಂದ ನೂಕಿದ. ಹೀಟರು ಉರುಳಿತು. ಟಕ್ಕೆಂದು ಉರಿ ಆರಿತು.

"ನೋಡ್ರಿ, ಒಂದ ಒದಿಕಿಗೆ ಕೆಟ್ಟತು!" ಎಂದು ಅವನು ನಕ್ಕ.

ಸೋನಲ ಅದನ್ನೆತ್ತಿ ನಿಲ್ಲಿಸಿ ಗುಂಡಿ ಒತ್ತಿದಳು. ಉರಿ ಮತ್ತೆ ಹತ್ತಿತು. "ಕೆಟ್ಟಿಲ್ಲ ಕಾಕಾ. ಬಿದ್ರ ಆರಬೇಕಂತನ ಇದನ್ನ ತಂದೇವಿ. ಪಂಚರಿಗೆ ನಾವು ತೋರಸಾಕ ಬೇಕಿತ್ತು, ನೀವ ತೋರಿಸಿದ್ರಿ."

ಪಂಚರಲ್ಲಿ ಒಬ್ಬರು ಜೋರಾಗಿ ನಕ್ಕರು. ಗುರುಸಿದ್ದ ಹೊರಗೆ ಹೋಗಿ ದಂಡೆಯ ಮೇಲೆ ಬೆನ್ನು ತಿರುಗಿಸಿ ನಿಂತ. ಕೆರೆ ಹೆಂಗಸರಿಗೇ ಇರಲಿ ಎಂಬ ಕಾಗದಕ್ಕೆ ಅಲ್ಲೇ ಪಂಚರ ಸಹಿ ಬಿತ್ತು.

ಮಾರನೆಯ ಮುಂಜಾನೆ ಹನ್ನೊಂದು ಮಂದಿಯೂ ಬಂದರು. ನೀರಿನ ಮೇಲೆ ಮಂಜು ದಟ್ಟವಾಗಿತ್ತು. "ಇವತ್ತೊಂದಿನ ನೀ ದಂಡಿಮ್ಯಾಲ ಇರು" ಎಂದಳು ಗೌರವ್ವ. ಆದರೆ ಸೋನಲ ಆಗಲೇ ಸೀರೆಯ ಕಚ್ಚೆ ಬಿಗಿದು ನೀರಿಗೆ ಇಳಿದಾಗಿತ್ತು.

"ಹಗ್ಗ ಒಗೀರಿ ಅತ್ತಿ, ಹೊತ್ತಾಗಾಕತ್ತೈತಿ."

ಗೌರವ್ವ ಹಗ್ಗ ಎಸೆದು, ತಾನೂ ಅವಳ ಹಿಂದೆಯೇ ಇಳಿದಳು.