ಕಾಸಿಮೇಡಿನ ಬಿಳಿ ಹಗ್ಗ

ಮೀನಿನ ಹೊಟ್ಟೆಯ ಹಾಗೆ ಬೆಳ್ಳಗೆ ಮಿನುಗುತ್ತಿತ್ತು ಆ ಹಗ್ಗ. ಸಂದೇಶ್ ಅದನ್ನು ಚೀಲದಿಂದ ತೆಗೆದು, ಸೀರೆ ಅಂಗಡಿಯವನ ಗತ್ತಿನಲ್ಲಿ ನಿಶ್ಮಿತಾಳ ಮುಂದೆ ಬಿಡಿಸಿದ. ಚೆನ್ನೈನ ಪೆರುಂಗುಡಿಯ ಹದಿನಾಲ್ಕು ಮಹಡಿಯ ಗಾಜಿನ ಕಟ್ಟಡದ ತಾರಸಿ. ಹೊತ್ತು ಏರುವ ಮೊದಲೇ ಸಿಮೆಂಟು ಕಾದಿತ್ತು. ಗಾಳಿ ಮಾತ್ರ ಇರಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಕೂತಂತಿತ್ತು.

“ಕಾಸಿಮೇಡು ಬಂದರಿಂದ ತಂದದ್ದು ಮಾರಾಯ್ತಿ. ಅಪ್ಪನ ಬೋಟಿನ ಹಗ್ಗ. ಆನೆ ಕಟ್ಟಿದ್ರೂ ತುಂಡಾಗ್ಲಿಕ್ಕಿಲ್ಲ. ನಿನ್ನ ಆ ಶೂಲೇಸನ್ನು ಬಿಸಾಡು ಇನ್ನು.”

ಶೂಲೇಸ್ ಅಂದದ್ದು ಅವಳ ಸೊಂಟದಲ್ಲಿ ತೂಗುತ್ತಿದ್ದ ಕೆಂಪು ಲೂಪಿಗೆ. ಆರು ಮಿಲಿಮೀಟರಿನ ಮೆತ್ತನೆಯ ನೈಲಾನು. ಗಾಜು ಒರೆಸುವವರು ಇಳಿಯುವುದು ದಪ್ಪ ಹಗ್ಗದ ಮೇಲೆ, ಎಂಟರ ಆಕಾರದ ಉಕ್ಕಿನ ಬಳೆಯಲ್ಲಿ. ಆದರೆ ಎರಡೂ ಕೈ ಬಿಟ್ಟು ಸೋಪು ಹಚ್ಚುವಾಗ ಅವರ ಜೀವ ಇರುವುದು ದಪ್ಪ ಹಗ್ಗಕ್ಕೆ ಸುತ್ತಿದ ಆ ಸಣ್ಣ ಲೂಪಿನಲ್ಲಿ. ಭಾರ ಬಿದ್ದ ಕೂಡಲೇ ಅದು ಕಚ್ಚಿ ಹಿಡಿಯಬೇಕು. ಹಿಡಿಯದಿದ್ದರೆ ಇನ್ನೊಂದು ಹಗ್ಗ ಕೊಡುವಷ್ಟು ಧಾರಾಳಿ ಕಂಪೆನಿ ಅಲ್ಲ ಅವರದು.

ನಿಶ್ಮಿತಾ ಬಿಳಿ ಹಗ್ಗವನ್ನು ಬೆರಳಲ್ಲಿ ಹೊಸಕಿದಳು. ಜಾರಿತು. ದಪ್ಪವೂ ಹೆಚ್ಚುಕಡಿಮೆ ಮುಖ್ಯ ಹಗ್ಗದಷ್ಟೇ.

“ತುಂಡಾಗೋ ಮಾತಲ್ಲ ಸಂದೇಶಣ್ಣ. ಇದು ಹಿಡೀಲಿಕ್ಕಿಲ್ಲ.”

“ಬೋಟನ್ನೇ ಹಿಡಿದದ್ದು!”

“ಬೋಟಿಗೆ ಗಂಟು ಹಾಕ್ತಾರೆ. ಇಲ್ಲಿ ಇರೋದು ಬರೀ ಸುತ್ತು. ಸುತ್ತಿಗೆ ಸಪೂರ ಬೇಕು, ಮೆತ್ತಗೆ ಬೇಕು.”

“ಓಹೋ, ಟೀಚರಮ್ಮ! ನಿನ್ನ ತಮ್ಮನೇ ವಾಸಿ. ತುಂಡು ಮಾಡಿ ಕೊಟ್ಟ ಕೂಡಲೇ ಕಟ್ಟಿಕೊಂಡು ಇಳಿದ.”

“ಪ್ರಮೋದನಾ? ಯಾವಾಗ?”

ಉತ್ತರಕ್ಕೆ ಕಾಯದೆ ಕಟ್ಟೆಗೆ ಓಡಿದಳು. ನಾಲ್ಕು ಮಹಡಿ ಕೆಳಗೆ ಪ್ರಮೋದನ ಹಳದಿ ಹೆಲ್ಮೆಟ್. ಕಿವಿಯಲ್ಲಿ ಇಯರ್‌ಫೋನ್. ಎರಡೂ ಕೈಯಿಂದ ಗಾಜು ಉಜ್ಜುತ್ತಿದ್ದಾನೆ. ಸೋಪಿನ ನೀರು ಅವನ ಮೊಣಕೈಯಿಂದ ಹಗ್ಗಕ್ಕೆ ಇಳಿಯುತ್ತಿದೆ. ಎಷ್ಟು ಕೂಗಿದರೂ ರಸ್ತೆಯ ಹಾರ್ನುಗಳು ಅವಳ ದನಿಯನ್ನು ನುಂಗಿದವು.

ಹಿಂದೆ ಸಂದೇಶ್ ಬಿಳಿ ತುಂಡನ್ನು ಅವಳ ಹಗ್ಗಕ್ಕೆ ಸುತ್ತಿ, ಬಾಟಲಿಯ ನೀರು ಸುರಿದು, ಎಳೆದು ನೋಡಿದ. ಸದ್ದೇ ಇಲ್ಲದೆ ಜಾರಿ ಬಂತು. “ಅಯ್ಯೋ ದೇವ್ರೇ...”

ಅಷ್ಟರಲ್ಲಿ ನಿಶ್ಮಿತಾ ತನ್ನ ಹಗ್ಗಕ್ಕೆ ಕೆಂಪು ಲೂಪು ಸುತ್ತಿ, ಕೊಂಡಿ ಸಿಕ್ಕಿಸಿಕೊಂಡು ಕಟ್ಟೆ ದಾಟಿಯಾಗಿತ್ತು.

ಇಳಿದು ಅವನ ಪಕ್ಕಕ್ಕೆ ಬಂದಾಗ ಕಂಡಿತು: ತಮ್ಮ ನಿಂತಲ್ಲಿ ನಿಂತಿಲ್ಲ. ಗಡಿಯಾರದ ಮುಳ್ಳಿನ ಹಾಗೆ, ಬೆರಳಷ್ಟು ಬೆರಳಷ್ಟೇ ಇಳಿಯುತ್ತಿದ್ದಾನೆ. ಅವನಿಗೆ ಗೊತ್ತೇ ಇಲ್ಲ.

“ಪ್ರಮೋದ, ಹಗ್ಗ ಹಿಡಿ!”

ಅವನು ಇಯರ್‌ಫೋನ್ ಕಿತ್ತ. “ಎಂತಕ್ಕಾ, ಯಾಕಿಷ್ಟು ಟೆನ್ಶನ್?” ನಗುತ್ತಲೇ ಹಗ್ಗಕ್ಕೆ ಕೈ ಹಾಕಿದ. ಸೋಪು ಮೆತ್ತಿದ ಅಂಗೈಯಲ್ಲಿ ಅದು ನಿಲ್ಲಲಿಲ್ಲ. ಒಂದು ಮೊಳ ಜಾರಿದ. ನಗು ಆರಿಹೋಯಿತು. “ಅಕ್ಕಾ!”

“ಎರಡೂ ಕೈಯಲ್ಲಿ ಹಿಡ್ಕೋ. ಅಲ್ಲಾಡಬೇಡ.”

ಅವಳೂ ಒಂದು ಮೊಳ ಇಳಿದಳು. ಕೈ ಬಿಟ್ಟರೂ ಜಾರದಂತೆ ತನ್ನ ಹಗ್ಗವನ್ನು ತೊಡೆಗೆ ಮೂರು ಬಾರಿ ಸುತ್ತಿ ನಿಂತಳು. ಕೆಂಪು ಲೂಪನ್ನು ತನ್ನ ಹಗ್ಗದಿಂದ ಬಿಚ್ಚಿದಳು. ತಮ್ಮನ ಹಗ್ಗದ ಸೋಪನ್ನು ತೋಳಿನಿಂದ ಒರೆಸಿ, ಅಲ್ಲಿ ನಾಲ್ಕು ಸುತ್ತು ಹಾಕಿ, ಅವನ ಸೊಂಟದ ಕೊಂಡಿಗೆ ಸೇರಿಸಿದಳು.

“ನಿಧಾನ ಕೂರು.”

ಲೂಪು ಕಚ್ಚಿತು. ಅವನು ನಿಂತ. ಪಕ್ಕದ ಬಿಳಿ ತುಂಡಿನ ಮೈ ಉಜ್ಜಿದ ಬಿಸಿಗೆ ಅಲ್ಲಲ್ಲಿ ಕರಗಿ, ಗಾಜಿನಂತೆ ಹೊಳೆಯುತ್ತಿತ್ತು.

“ಅಕ್ಕಾ, ನಿಂಗೆ?”

“ಇನ್ನೊಂದುಂಟು. ನೀನು ಇಳಿ. ಈ ಕಡೆ ನೋಡ್ಬೇಡ.”

ಅವನ ಹೆಲ್ಮೆಟ್ ದೂರವಾಗುವ ತನಕ ಕಾದಳು. ಅವಳ ಸೊಂಟದಲ್ಲಿ ಬೇರೆ ಲೂಪು ಇರಲಿಲ್ಲ. ತೊಡೆಯ ಸುತ್ತು ಬಿಚ್ಚಲು ಒಂದು ಕೈ ಬೇಕು. ಹಗ್ಗಕ್ಕೆ ಉಳಿಯುವುದು ಒಂದೇ ಕೈ. ಅದಕ್ಕೂ ಸೋಪು ಮೆತ್ತಿತ್ತು. ಅಂಗೈಯನ್ನು ಪ್ಯಾಂಟಿಗೆ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಕೆಳಗೆ ಇನ್ನೂ ಹತ್ತು ಮಹಡಿ.

ಮೊದಲ ಸುತ್ತು ಬಿಚ್ಚಿದಳು.